ಎಡಗೈ ಸುಮ್ಮನಿರಲಿಲ್ಲ

ಬಡಗಿಗಳು ಅಂಟು ಕಾಯಿಸುವ ವಾಸನೆ ಬಂದರೆ ಈಗಲೂ ನನಗೆ ರಾಯಚೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅಬ್ಬಾಜಿಯದು ಪುಟ್ಟ ಹಾರ್ಮೋನಿಯಂ ಅಂಗಡಿ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಜಪಾನಿನ ಕೀಬೋರ್ಡ್ ತರತೊಡಗಿದ ಮೇಲೆ ಗಿರಾಕಿಗಳು ಕಡಿಮೆಯಾಗಿದ್ದರು. ಸಿರವಾರದ ಭಜನೆಯವರು ಹೇಳಿ ಮಾಡಿಸಿದ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಒಯ್ಯದಿದ್ದರೆ ಅಂಗಡಿ ಮುಚ್ಚುವುದೇ ಗತಿ ಎಂದು ಅಬ್ಬಾಜಿ ಅಮ್ಮಿಗೆ ಹೇಳಿದ್ದು ನನಗೆ ಕೇಳಿಸಿತ್ತು.

ಆ ದಿನ ಭಜನೆಯ ಹಿರಿಯ ಶರಣಪ್ಪ ತಾತ ಬಂದರು. ಕಂಕುಳಲ್ಲಿ ಕೀಬೋರ್ಡ್ ಇತ್ತು. ಅದು ಕೆಂಪಗಿತ್ತೆಂದು ನನ್ನ ನೆನಪು. ಕಪ್ಪಗಿತ್ತು ಎನ್ನುತ್ತಾಳೆ ಅಕ್ಕ.

"ತಮ್ಮನ ಮಗ ದುಬೈಯಿಂದ ತಂದಾನ್ರೀ ಸಾಹೇಬ್ರ. ಇದ್ರಾಗ ನೂರು ವಾದ್ಯ ಅದಾವಂತ. ಪೆಟ್ಟಿಗಿ ಬ್ಯಾಡಾಗೇದ, ಸಿಟ್ಟಾಗಬ್ಯಾಡ್ರಿ."

"ಸಿಟ್ಟು ಯಾಕ್ರೀ? ಕುಂದ್ರಿ. ಇದ್ರಾಗ ಒಂದು ಪದ ಹಾಡ್ರಿ, ಕೇಳೋಣು," ಎಂದರು ಅಬ್ಬಾಜಿ.

ತಾತ ಕಣ್ಣು ಮುಚ್ಚಿ, ಬಲಗೈಯಲ್ಲಿ ನುಡಿಸುತ್ತ ಹಾಡಿದರು. ಅವರ ಎಡಗೈ ಮಾತ್ರ ಕೀಬೋರ್ಡಿನ ಹಿಂದೆ, ಹಾರ್ಮೋನಿಯಂಗೆ ಇರುವ, ಅಲ್ಲಿ ಇಲ್ಲದ ಗಾಳಿತಿದಿಯನ್ನು ಒತ್ತುತ್ತಲೇ ಇತ್ತು. ಮೊದಲು ನಕ್ಕವರು ನಾನೋ ಅಬ್ಬಾಜಿಯೋ, ಈಗ ಖಚಿತವಿಲ್ಲ. ತಾತ ಕಣ್ಣು ಬಿಟ್ಟು ತಮ್ಮ ಕೈ ನೋಡಿಕೊಂಡರು.

"ನಲವತ್ತು ವರ್ಷ ಗಾಳಿ ಹಾಕಿದ ಕೈರೀ ಇದು. ಸುಮ್ಮ ಕುಂದ್ರಲೇ ಅಂದ್ರ ಕುಂದ್ರವಲ್ದು," ಎಂದು ತಾವೂ ನಕ್ಕರು. "ಇದು ಹುಡುಗ್ರಿಗಿರ್ಲಿ. ನನ್ನ ಪೆಟ್ಟಿಗಿ ಕೊಡ್ರಿ."

ಅವರು ಪೆಟ್ಟಿಗೆ ಹೊತ್ತು ಬಸ್ಸಿಗೆ ಹೋದ ಮೇಲೆ ಅಬ್ಬಾಜಿ ಇನ್ನೊಂದು ಪೆಟ್ಟಿಗೆಯ ತಿದಿಗೆಂದು ಅಂಟಿನ ಡಬ್ಬಿಯನ್ನು ಒಲೆಯ ಮೇಲಿಟ್ಟರು. ಆ ವಾಸನೆಯ ಬಗ್ಗೆ ನನಗೆ ಅನುಮಾನವಿಲ್ಲ.