ಪಂಕ್ತಿಯಿಂದ ಏಳುವುದು

ಬೆಟ್ಟಸ್ವಾಮಿ ನಾಲ್ಕನೆಯ ಸಲ ಅನ್ನ ಕೇಳಿದಾಗ ಶಿವರುದ್ರಮ್ಮನವರಿಗೆ ಸಂತೋಷವೇ ಆಯಿತು. ಬೆಂಗಳೂರು ಸೇರಿದ ಹುಡುಗರು ಎರಡು ತುತ್ತಿಗೇ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಇವನೊಬ್ಬ ಮೂವತ್ತೆರಡಾದರೂ ಉಣ್ಣುವುದು ಮರೆತಿಲ್ಲ ಎಂದು ಸಾರಿನ ಪಾತ್ರೆಯನ್ನೇ ಎತ್ತಿ ತಂದರು. ಎದುರಿಗೆ ಅವರ ಯಜಮಾನರು ತೋಂಟದಾರ್ಯರು ಉಂಡು ಮುಗಿಸಿ, ಕೈ ಒಣಗಿಸಿಕೊಂಡು ಕಾಯುತ್ತಿದ್ದರು. ಪಂಕ್ತಿಯಲ್ಲಿ ಒಬ್ಬ ಉಣ್ಣುತ್ತಿರುವಾಗ ಇನ್ನೊಬ್ಬ ಏಳುವಂತಿಲ್ಲ. ಬೆಟ್ಟಸ್ವಾಮಿ ನೆಚ್ಚಿಕೊಂಡಿದ್ದದ್ದು ಆ ಮರ್ಯಾದೆಯೊಂದನ್ನೇ.

ಅವನಿಗೆ ಹಸಿವಿರಲಿಲ್ಲ. ಏಳಲು ಬರುತ್ತಿರಲಿಲ್ಲ, ಅಷ್ಟೆ. ಮಡಿಸಿ ಕೂತ ಎಡಗಾಲು ಮಂಡಿಯಲ್ಲಿ ಸಿಕ್ಕಿಕೊಂಡಿತ್ತು.

ತೋಂಟದಾರ್ಯರು ಬೆಂಗಳೂರಿನ ನೂಲಿನ ಗಿರಣಿಯೊಂದರ ಹಾಕಿ ತಂಡಕ್ಕೆ ಮ್ಯಾನೇಜರು. ಎರಡನೆಯ ಡಿವಿಷನ್ನಿನ ಆ ತಂಡಕ್ಕೆ ಬೆಟ್ಟಸ್ವಾಮಿ ಹನ್ನೆರಡು ವರ್ಷ ಆಡಿದ್ದ. ಅಷ್ಟರಲ್ಲಿ ಪೇಪರಿನಲ್ಲಿ ಅವನ ಫೋಟೋ ಒಮ್ಮೆ ಬಂದಿತ್ತು. ಮುಖಕ್ಕೆ ಅಡ್ಡವಾಗಿ ಎದುರು ತಂಡದವನ ಮೊಣಕೈ ಇತ್ತು. ಆಟವಿಲ್ಲದ ಹೊತ್ತು ಗಿರಣಿಯ ಗೋಡೌನಿನಲ್ಲಿ ಕೆಲಸ, ಅದೂ ವರ್ಷ ವರ್ಷದ ಚೀಟಿಯ ಮೇಲೆ. ಇನ್ನೊಂದು ಸೀಸನ್ ಆಡಿದರೆ ಖಾಯಂ ಮಾಡಿಸುತ್ತೇನೆಂದು ತೋಂಟದಾರ್ಯರೇ ಮಾತು ಕೊಟ್ಟಿದ್ದರು. ಕಳೆದ ಲೀಗಿನ ಕೊನೆಯ ಪಂದ್ಯದಲ್ಲಿ ಮಂಡಿಗೆ ಬಿದ್ದ ಏಟನ್ನು ಅವನು ಯಾರಿಗೂ ಹೇಳದೆ, ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿ, ಚೀಟಿ ಮುಗಿದ ನಾಲ್ಕು ತಿಂಗಳಿಂದ ತನ್ನೂರು ಶೆಟ್ಟಿಕೆರೆಯಲ್ಲಿ ಬಚ್ಚಿಟ್ಟಿದ್ದ.

ತಂಡದ ಹೊಸ ಪಟ್ಟಿಗೆ ಮುಂಚೆ, ತಿಪಟೂರಿನ ಮನೆಗೆ ಊಟಕ್ಕೆ ಬಾ ಎಂದು ತೋಂಟದಾರ್ಯರ ಕಾರ್ಡು ಬಂತು. ಬಸ್ ಸ್ಟ್ಯಾಂಡಿನಿಂದ ಕುಂಟದೆ ನಡೆದ. ಗೇಟಿನಿಂದ ಜಗಲಿಗೆ, ಅವರು ನೋಡುತ್ತಿದ್ದಾರೆಂದು, ಓಡಿಯೂ ತೋರಿಸಿದ. ಗಿರಣಿಯ ಕ್ಯಾಂಟೀನಿನ ಬೆಂಚಿನ ಮೇಲೆ ಉಂಡೂ ಉಂಡೂ, ಊಟಕ್ಕೆ ಮೊದಲು ಲಿಂಗಪೂಜೆಯೆಂಬುದನ್ನು ಮಾತ್ರ ಮರೆತಿದ್ದ. ಅಂಗೈಯಲ್ಲಿ ಲಿಂಗ ಹಿಡಿದು ಮಣೆಯ ಮೇಲೆ ಮುಕ್ಕಾಲು ಗಂಟೆ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳಿಯಿತು. ಶಿವರುದ್ರಮ್ಮ ಅದನ್ನು ಭಕ್ತಿ ಎಂದುಕೊಂಡರು. ತೋಂಟದಾರ್ಯರು ಏನಂದುಕೊಂಡರೋ. ಅವರದು ಕೊಬ್ಬರಿ ವ್ಯಾಪಾರದ ಮನೆತನ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿಯೋ ಕೊಳೆತದ್ದೋ, ಸುಲಿಯದೆಯೇ ಹೇಳುವವರು.

"ಕಾಲು ಹೆಂಗೈತೆ ಬೆಟ್ಟಸ್ವಾಮಿ?"

"ಕಲ್ಲಿದ್ದಂಗೈತೆ ಸಾರ್."

"ಸರಿ, ಏಳಾನ ಹಂಗಾರೆ?"

"ಮಜ್ಜಿಗೆಗೆ ಇನ್ನೊಂಚೂರು ಅನ್ನ ಸಾರ್."

ಅವರು ಆ ಮರ್ಯಾದೆ ಮುರಿದು ಒಂದು ನಿಮಿಷ ಹಿತ್ತಲಿಗೆ ಹೋದರೆ ಸಾಕಿತ್ತು. ಗೋಡೆ ಹಿಡಿದೋ ಕಂಬ ಹಿಡಿದೋ ಎದ್ದುಬಿಡುತ್ತಿದ್ದ. ಅವರು ಕದಲಲಿಲ್ಲ. ಐದನೆಯ ಸಲದ ಅನ್ನವೂ ಮುಗಿಯಿತು. ಪಾತ್ರೆಯ ತಳ ಕಂಡಿತು. ಶಿವರುದ್ರಮ್ಮ ಹೋಳಿಗೆಯ ಬುಟ್ಟಿ ತಂದರು.

"ನಾಚ್ಕೋಬ್ಯಾಡ ಕಣಪ್ಪ. ಹೋದ ವರ್ಷ ದಂಡಿನಶಿವರದ ಮರುಳಸಿದ್ದಯ್ಯ ಬಂದಿದ್ನಲ್ಲ, ನಿಮ್ಮ ಗೋಲ್‌ಕೀಪರು, ಅವನೂ ಹಿಂಗೇ ಉಂಡ. ಅನ್ನ ಎಲ್ಲ ಆದ್ಮೇಲೆ ಹನ್ನೊಂದು ಹೋಳಿಗೆ. ಇವರೂ ಹಿಂಗೇ ಕೈ ಒಣಗಿಸ್ಕೊಂಡು ನೋಡ್ತಾ ಕೂತಿದ್ರು."

ಮರುಳಸಿದ್ದಯ್ಯನ ಸೊಂಟ ಹಿಡಿದಿದ್ದದ್ದು ತಂಡದಲ್ಲಿ ಗೊತ್ತಿದ್ದದ್ದು ಬೆಟ್ಟಸ್ವಾಮಿಯೊಬ್ಬನಿಗೇ. ಈ ಮನೆಯಿಂದ ಹಿಂದಿರುಗಿದವನು ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದ. ಆ ವಾರದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಚಾಡಿ ಹೇಳಿದವನು ಬೆಟ್ಟಸ್ವಾಮಿಯೇ ಎಂದು ಮರುಳಸಿದ್ದಯ್ಯ ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದ.

ಬೆಟ್ಟಸ್ವಾಮಿ ತಲೆಯೆತ್ತಿದ. ತೋಂಟದಾರ್ಯರ ಕಣ್ಣು ಅವನ ಮುಖದ ಮೇಲಿರಲಿಲ್ಲ, ಮಂಡಿಯ ಮೇಲಿತ್ತು.

"ಬಡ್ಸೇ," ಎಂದರು ಹೆಂಡತಿಗೆ, ಮೆತ್ತಗೆ. "ಹೊಟ್ಟೆ ತುಂಬ ಬಡ್ಸು."

ಬೆಟ್ಟಸ್ವಾಮಿ ಎಂಜಲು ಕೈಯಲ್ಲೇ ಎಡಗಾಲನ್ನು ಹಿಡಿದು ಬಿಡಿಸಿದ. ಅದು ಮಾಡಿದ ಸದ್ದು ಮೂವರಿಗೂ ಕೇಳಿಸಿತು. ಆಮೇಲೆ ಆ ಕಾಲನ್ನು ಹಿರಿಯರೆದುರಿಗೇ, ಎಲೆಯ ಪಕ್ಕದಲ್ಲಿ, ಉದ್ದಕ್ಕೆ ಚಾಚಿದ.

"ನಂಗೆ ಹನ್ನೆರಡು ಬಡಿಸ್ರವ್ವ," ಎಂದ.