ಮೂರು ದಿನ ಏರದ ಹಳ್ಳ

ಕರೇಹಳ್ಳ ಬತ್ತಿದ ಮೇಲೆ, ನಲವತ್ತು ವರ್ಷದ ಹಿಂದೆ ಅದೇ ತಾರೀಕಿಗೆ ಎಷ್ಟು ಹರಿದಿತ್ತೋ ಅಷ್ಟೇ ನೀರನ್ನು ದಿನವೂ ಅದಕ್ಕೆ ಕೊಳವೆಯಿಂದ ಬಿಡುತ್ತೇವೆ. ಕಂಪ್ಯೂಟರಿನಲ್ಲಿ ಮಳೆಯ ಮಾದರಿಯನ್ನು ಹಳ್ಳದ ಮಾದರಿಗೆ ಜೋಡಿಸಿ ಆ ಲೆಕ್ಕ ತೆಗೆಯುವುದು ನನ್ನ ಕೆಲಸ. ಅಂದು ದಿನಾ ಅಳತೆಗೋಲು ನೋಡಿ, ಈ ಲೆಕ್ಕಕ್ಕೆ ಆಧಾರವಾದ ನೀರಿನ ಮಟ್ಟ ಬರೆದಿಟ್ಟವನು ನನ್ನ ಅಪ್ಪ.

“ಅಕ್ಕಾರ, ಹಳೇ ದಾಖಲೆದಾಗ ಈ ಮೂರು ದಿನ ಜೋರು ಮಳಿ ಆಗೇತಿ. ಹಳ್ಳ ಮಾತ್ರ ಒಂದು ಬೆರಳೂ ಏರಿಲ್ಲ,” ಎಂದ ಜೊತೆಗಾರ ಗೂಳಪ್ಪ. “ನಿಮ್ಮಪ್ಪಾರು ನೋಡದಽ ಬರದಾರ. ತಿದ್ದಲೇನ್ರಿ?”

ತಾರೀಕು ನೋಡಿದೆ. ನನಗೆ ವಿಷಮಜ್ವರ ಬಂದಿದ್ದ ದಿನಗಳು. ಆಸ್ಪತ್ರೆಯಲ್ಲಿ ಅಪ್ಪ ನನ್ನ ಹಣೆಯಿಂದ ಕೈ ತೆಗೆದಿರಲಿಲ್ಲ.

“ಬ್ಯಾಡ, ಇರ್ಲಿ ಬಿಡಪ್ಪ. ಆಗ ಅಪ್ಪ ದವಾಖಾನ್ಯಾಗ ನನ್ನ ಕೂಡ ಇದ್ದ.”

“ಹಳ್ಳಕ್ಕೂ ರಜಾ ಅನ್ರಿ.”

ಈ ವರ್ಷ ಆ ತಾರೀಕುಗಳು ಬಂದಾಗ ಮೂರು ಸಂಜೆಯೂ ಮಗಳ ಕೈ ಹಿಡಿದು ದಂಡೆಯ ಮೇಲೆ ನಿಂತೆ. ನೀರು ಅಪ್ಪ ಬರೆದ ಮಟ್ಟದಲ್ಲೇ ಇತ್ತು.