ಬೆನ್ನು ತೋರಿಸಿದ ದೇವಿ

ಅಥೆನ್ಸಿನಲ್ಲಿ ಹಬ್ಬದ ಬೆಳಿಗ್ಗೆ ಗುಡಿಯ ಕಲ್ಲುಮೂರ್ತಿಗಳು ಕೆಳಗಿಳಿದು ಮೆರವಣಿಗೆ ಹೋಗುವುದು ವರ್ಷವರ್ಷದ ಪದ್ಧತಿ. ಜನರತ್ತ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದವು. ಪಾಪ, ಇನ್ನೇನು ಮಾಡಿಯಾವು? ಗೋಡೆಗೆ ಒರಗುವ ಬೆನ್ನನ್ನು ಯಾವ ಶಿಲ್ಪಿಯೂ ಕೆತ್ತುತ್ತಿರಲಿಲ್ಲ. ಹಿಂದೆಲ್ಲ ಒರಟು ಬಂಡೆ.

ಶಿಲ್ಪಿ ಲಿಯೋನ್ ಮಾತ್ರ ತನ್ನ ಮೊದಲ ದೇವಿಗೆ ಬೆನ್ನನ್ನೂ ಕೆತ್ತಿ, ಅದರ ಮೇಲೊಂದು ಉದ್ದ ಜಡೆ ಇಳಿಬಿಟ್ಟಿದ್ದ. ಅದಕ್ಕೇ ಕೆಲಸ ಎರಡು ತಿಂಗಳು ತಡವಾಗಿತ್ತು.

"ಗೋಡೆಗೆ ಕಾಣಲಿ ಅಂತ ಜಡೆ ಹೆಣೆದೆಯೇನಯ್ಯಾ?" ಎಂದ ಗುಡಿಯ ಮೇಲ್ವಿಚಾರಕ ಗ್ಲಾಕಸ್. "ಇವತ್ತು ಅವಳೂ ಎಲ್ಲರ ಹಾಗೆ ಅಡ್ಡ ನಡೆದರೆ ಇದೇ ನಿನ್ನ ಕೊನೇ ಮೂರ್ತಿ, ತಿಳ್ಕೋ."

"ಬೆನ್ನಿದೆ ಅಂತ ಅವಳಿಗೆ ಗೊತ್ತಿರುತ್ತಲ್ಲ ಸ್ವಾಮಿ," ಎಂದ ಲಿಯೋನ್.

ಕೊಳಲು ಕೇಳಿತು. ಮೂರ್ತಿಗಳು ಒಂದೊಂದಾಗಿ ಇಳಿದು ಅಡ್ಡಡ್ಡ ಸಾಗಿದವು. ಕೊನೆಗೆ ಇಳಿದ ದೇವಿಯೂ ಅವುಗಳನ್ನು ನೋಡಿ ಎರಡು ಹೆಜ್ಜೆ ಅಡ್ಡಕ್ಕೇ ಇಟ್ಟಳು. ಗ್ಲಾಕಸ್ ಲಿಯೋನನತ್ತ ತಿರುಗಿದ. ಆಮೇಲೆ ಅವಳು ಕೈ ಹಿಂದೆ ಚಾಚಿ ಜಡೆ ಮುಟ್ಟಿ ನೋಡಿಕೊಂಡಳು.

ಯುದ್ಧದಲ್ಲಿ ಬೆನ್ನು ತೋರಿಸಿದವನಿಗೆ ಹೆಣ್ಣು ಕೊಡದ ಊರು ಅದು. ಅಂಥ ಊರಿಗೆಲ್ಲ ಬೆನ್ನು ತೋರಿಸಿ, ಜಡೆ ಬೀಸಿಕೊಂಡು ದೇವಿ ನೆಟ್ಟಗೆ ನಡೆದು ಹೋದಳು. ಜನ ಹೋ ಎನ್ನುತ್ತ ಅವಳ ಹಿಂದೆ ಓಡಿದರು.

ಗ್ಲಾಕಸ್ ಮಾತ್ರ ಓಡಲಿಲ್ಲ. ಉಳಿದ ಮೂರ್ತಿಗಳೆಲ್ಲ ತಿರುಗಿ ಬಂದು ಲಿಯೋನನ ಉಳಿಗೆ ಒರಟು ಬೆನ್ನೊಡ್ಡಿ ಸಾಲಾಗಿ ನಿಂತಿದ್ದವು. ಗ್ಲಾಕಸ್ ಆ ಸಾಲು ಸರಿಪಡಿಸುತ್ತಿದ್ದ.